ನಾನಾ ಅವರ ಬುಲೆಟ್ ಮತ್ತು ಎಚ್‌ಎನ್‌ಪಿ 331

ಮೋಟಾರ್‌ಸೈಕಲ್ ಸ್ಪರ್ಧೆ ಎಂದರೆ ನಮ್ಮ ತರಗತಿಯಲ್ಲಿ ಯಾರನ್ನು ಕೇಳಿದರೂ ವೇಗದ ಮಾತೇ ಬರುತ್ತದೆ. ಮೊದಲು ಗೆರೆ ದಾಟಿದವರು ಗೆದ್ದರು, ಅಷ್ಟೇ. ಆದರೆ ಬ್ರಿಟನ್ನಿನಲ್ಲಿ ನೂರು ವರ್ಷಕ್ಕೂ ಹಿಂದಿನಿಂದ ನಡೆದುಬಂದ ಇನ್ನೊಂದು ಬಗೆಯ ಸ್ಪರ್ಧೆ ಇದೆ. ಅದರ ಹೆಸರು ಟ್ರಯಲ್ಸ್. ಅದರಲ್ಲಿ ಗಾಡಿ ಹೆಚ್ಚುಕಡಿಮೆ ಮನುಷ್ಯ ನಡೆಯುವಷ್ಟೇ ನಿಧಾನವಾಗಿ ಹೋಗುತ್ತದೆ. ಬಂಡೆ, ಕೆಸರು, ತೊರೆ, ಕಡಿದಾದ ಏರು, ಇವುಗಳ ನಡುವೆ ಗುರುತು ಮಾಡಿದ ಒಂದು ತುಂಡು ದಾರಿಯನ್ನು ಕಾಲು ನೆಲಕ್ಕೆ ತಾಗಿಸದೆ ದಾಟಬೇಕು. ಪಕ್ಕದಲ್ಲಿ ಒಬ್ಬ ವೀಕ್ಷಕ ನಿಂತು ನೋಡುತ್ತಿರುತ್ತಾನೆ. 1950ರ ದಶಕದ ನಿಯಮದಂತೆ ಕಾಲು ಒಮ್ಮೆ ಊರಿದರೆ ಒಂದು ಅಂಕ ಹೋಯಿತು. ಮತ್ತೆ ಮತ್ತೆ ಊರಿದರೆ ಮೂರು ಅಂಕ. ಗಾಡಿ ನಿಂತೇಬಿಟ್ಟರೆ ಐದು. ಕೊನೆಗೆ ಯಾರು ಕಡಿಮೆ ಅಂಕ ಕಳೆದುಕೊಂಡಿದ್ದಾರೋ ಅವರೇ ವಿಜೇತರು.

ವಾಣಿಜ್ಯ ವಿಭಾಗದ ವಿದ್ಯಾರ್ಥಿನಿಯಾದ ನನಗೆ ಈ ಆಟ ಬೇಗ ಅರ್ಥವಾಯಿತು. ಇದರಲ್ಲಿ ಲಾಭದ ಕಾಲಮ್ಮೇ ಇಲ್ಲ, ನಷ್ಟದ ಕಾಲಮ್ಮು ಮಾತ್ರ ಇದೆ.

ಈ ಸ್ಪರ್ಧೆಗಳಲ್ಲೆಲ್ಲ ಹೆಸರಾದದ್ದು ಸ್ಕಾಟ್ಲೆಂಡಿನಲ್ಲಿ ನಡೆಯುವ ಆರು ದಿನಗಳ ಟ್ರಯಲ್. ಎಡಿನ್‌ಬರೋದ ಮೋಟಾರ್ ಕ್ಲಬ್ಬೊಂದು ಅದನ್ನು ಪ್ರತಿವರ್ಷ ಮೇ ತಿಂಗಳಲ್ಲಿ ನಡೆಸುತ್ತದೆ. ಫೋರ್ಟ್ ವಿಲಿಯಂ ಎಂಬ ಊರಿನ ಸುತ್ತಮುತ್ತ, ಬೆನ್ ನೆವಿಸ್ ಬೆಟ್ಟದ ಬುಡದಲ್ಲಿ ಅದರ ಕಷ್ಟದ ದಾರಿಗಳಿವೆ. ಬೆನ್ ನೆವಿಸ್ ಬ್ರಿಟನ್ನಿನ ಅತಿ ಎತ್ತರದ ಬೆಟ್ಟ, 1,345 ಮೀಟರ್. ನಮ್ಮ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಇದೆ. ಎತ್ತರದ ಲೆಕ್ಕದಲ್ಲಿ ನಾವೇ ಮುಂದೆ. ಆದರೆ ಅಲ್ಲಿ ಕಷ್ಟ ಇರುವುದು ಎತ್ತರದಲ್ಲಲ್ಲ, ನೆಲದಲ್ಲಿ. ಒದ್ದೆ ಬಂಡೆ, ಕಾಲಿಟ್ಟರೆ ಕುಸಿಯುವ ಜೌಗು, ಬಿಡದ ಮಳೆ. ಅಂಥ ನೆಲದ ಮೇಲೆ 1961ರಲ್ಲಿ ಗಾರ್ಡನ್ ಜಾಕ್ಸನ್ ಎಂಬ ಸವಾರ 350 ಸಿಸಿಯ ಎಜೆಎಸ್ ಗಾಡಿಯಲ್ಲಿ ಆರು ದಿನವೂ ಓಡಿಸಿ, ಒಟ್ಟು ಕಳೆದುಕೊಂಡದ್ದು ಒಂದೇ ಒಂದು ಅಂಕ. ಆರು ದಿನದಲ್ಲಿ ಒಂದು ಸಲ ಕಾಲು ಊರಿದ್ದ!

ನಮ್ಮ ಮನೆಮಾತು ಉರ್ದು. ಚಿಕ್ಕಮಗಳೂರಿನಲ್ಲಿ ನಮ್ಮ ಮನೆಗೆ ಅಂಟಿಕೊಂಡಂತೆಯೇ ಮಾಮುವಿನ ಗ್ಯಾರೇಜು ಇದೆ. ಕಾಫಿ ತೋಟಗಳ ಊರಾದ್ದರಿಂದ ಹಳೆಯ ಬುಲೆಟ್‌ಗಳಿಗೆ ಇಲ್ಲಿ ಬರವಿಲ್ಲ. ಮಾಮುವಿನ ಕೈಗೆ ಬರುವ ಗಾಡಿಗಳಲ್ಲಿ ಅರ್ಧ ಅವೇ. ಒಂದನೇ ಪಿಯುಸಿಯಲ್ಲಿ ಅಕೌಂಟೆನ್ಸಿ ಶುರುವಾದ ಮೇಲೆ ಭಾನುವಾರ ಭಾನುವಾರ ಗ್ಯಾರೇಜಿನ ಲೆಕ್ಕದ ಪುಸ್ತಕ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಬೀದಿಯವರು ಮೊದಮೊದಲು, ಹುಡುಗಿಗೆ ಗ್ಯಾರೇಜಿನಲ್ಲಿ ಏನು ಕೆಲಸ ಎಂದು ಕೇಳಿದರು. ಲೆಕ್ಕ ತಪ್ಪುವುದು ನಿಂತ ಮೇಲೆ ಕೇಳುವುದನ್ನೂ ನಿಲ್ಲಿಸಿದರು.

ಆ ಗ್ಯಾರೇಜಿನ ಮೂಲೆಯಲ್ಲಿ ಟಾರ್ಪಾಲಿನ ಕೆಳಗೆ ಒಂದು ಬುಲೆಟ್ ಹನ್ನೊಂದು ವರ್ಷ ನಿಂತಿತ್ತು. ಅದು ನನ್ನ ನಾನಾ ಅವರದು. ಕನ್ನಡ ತರಗತಿಯಲ್ಲಿ ‘ನಾನಾ’ ಎಂದರೆ ‘ಹಲವು ಬಗೆಯ’ ಎಂದು ಕಲಿತಿದ್ದೇವೆ. ನಮ್ಮ ಮನೆಯಲ್ಲಿ ನಾನಾ ಎಂದರೆ ಅಮ್ಮಿಯ ತಂದೆ. ಅವರು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ, ಬಟವಾಡೆ, ಗೊಬ್ಬರದ ಲೆಕ್ಕ ಎಲ್ಲ ಅವರ ಕೈಯಲ್ಲಿತ್ತಂತೆ. 1968ರ ಮಾಡಲಿನ ಆ ಗಾಡಿಯನ್ನು ಅವರು ಒಂದು ಹರಾಜಿನಲ್ಲಿ ಕೊಂಡಿದ್ದರು. ನಂಬರು ‘ಎಂವೈ’ ಎಂದು ಶುರುವಾಗುತ್ತದೆ, ಅಂದರೆ ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರೇ ಇದ್ದ ಕಾಲದ್ದು. ಮಳೆಗಾಲದ ಮಣ್ಣು ರಸ್ತೆಯಲ್ಲಿ ಓಡಾಡಿ ಓಡಾಡಿ ಟ್ಯಾಂಕಿನ ಎರಡೂ ಬದಿಯಲ್ಲಿ ಅವರ ಮೊಣಕಾಲು ತಾಗುವ ಜಾಗದ ಬಣ್ಣ ಹೋಗಿತ್ತು.

ಈ ವರ್ಷ ನನ್ನ ಆಪಾಗೆ ಬಿ.ಎಸ್ಸಿ. ನರ್ಸಿಂಗ್ ಸೀಟು ಸಿಕ್ಕಿತು. ಮೊದಲ ವರ್ಷಕ್ಕೆ ಫೀಸು, ಹಾಸ್ಟೆಲ್ಲು ಎಲ್ಲ ಸೇರಿ 1,10,000 ರೂಪಾಯಿ ಬೇಕಿತ್ತು. ಅಬ್ಬಾ ಗೂಡ್ಸ್ ಆಟೋ ಓಡಿಸುತ್ತಾರೆ. ಮನೆಯಲ್ಲಿ ಮಾರಬಹುದಾದ ವಸ್ತು ಒಂದೇ ಇತ್ತು. ಆರ್‌ಸಿ ನಾನಿಯ ಹೆಸರಿಗೆ ವರ್ಗಾವಣೆಯಾಗಿತ್ತು, ನಾನಿ ಒಪ್ಪಿದರು, ಮಾಮು ತನ್ನ ಪಾಲನ್ನೂ ಆಪಾಗೇ ಬಿಟ್ಟರು.

ಬೆಂಗಳೂರಿನಿಂದ ಒಬ್ಬರು ಗಾಡಿ ನೋಡಲು ಬಂದರು. ಅವರು ತಮ್ಮೊಂದಿಗೆ ಒಂದು ಕಪ್ಪುಬಿಳುಪು ಚಿತ್ರ ತಂದಿದ್ದರು. ಬಂಡೆಗಳ ನಡುವೆ ಒಬ್ಬ ಯುವಕ ಬುಲೆಟ್ಟಿನ ಫುಟ್‌ರೆಸ್ಟಿನ ಮೇಲೆ ಎದ್ದು ನಿಂತಿದ್ದಾನೆ. ಗಾಡಿಯ ಮುಂದೆ ‘ಎಚ್‌ಎನ್‌ಪಿ 331’ ಎಂಬ ನಂಬರು. “ನನಗೆ ಇಂಥದ್ದೇ ಮಾಡಿಕೊಡಿ. ಅದೇ ಸೈಲೆನ್ಸರ್, ಅದೇ ಸೀಟು, ಅದೇ ನಂಬರ್ ಬೋರ್ಡ್,” ಎಂದರು ಅವರು. ಮಾಮು ಚಿತ್ರವನ್ನು ಗೋಡೆಗೆ ಅಂಟಿಸಿದರು. ಅದು ಯಾರ ಗಾಡಿ ಎಂದು ಹುಡುಕುವ ಕೆಲಸ ನನಗೆ ಬಿತ್ತು. ಹಾಗೆ ಹುಡುಕಲು ಹೋಗಿಯೇ ಮೇಲೆ ಹೇಳಿದ ಟ್ರಯಲ್ಸ್ ಪ್ರಪಂಚ ನನಗೆ ಸಿಕ್ಕಿದ್ದು.

ಆ ಯುವಕನ ಹೆಸರು ಜಾನಿ ಬ್ರಿಟನ್. ಅವನ ತಂದೆ ವಿಕ್ ಬ್ರಿಟನ್ ಕೂಡ ಹೆಸರಾಂತ ಸವಾರ. ಜಾನಿ 350 ಸಿಸಿಯ ಬುಲೆಟ್ಟಿನಲ್ಲಿ ಸ್ಕಾಟ್ಲೆಂಡಿನ ಆರು ದಿನಗಳ ಟ್ರಯಲ್ಲನ್ನು 1952ರಲ್ಲಿ ಒಮ್ಮೆ, 1957ರಲ್ಲಿ ಮತ್ತೊಮ್ಮೆ ಗೆದ್ದ. ನಂಬರಿನಲ್ಲಿರುವ ‘ಎನ್‌ಪಿ’ ಎಂಬ ಅಕ್ಷರಗಳು ಇಂಗ್ಲೆಂಡಿನ ವೂಸ್ಟರ್‌ಶೈರ್ ಜಿಲ್ಲೆಯ ಗುರುತು, ನಮ್ಮ ಜಿಲ್ಲೆಗೆ ಕೆಎ 18 ಇದ್ದಂತೆ. ರಾಯಲ್ ಎನ್‌ಫೀಲ್ಡ್ ಕಾರ್ಖಾನೆ ಇದ್ದ ರೆಡಿಚ್ ಪಟ್ಟಣ ಆ ಜಿಲ್ಲೆಯಲ್ಲಿದೆ.

ಆ ಕಾಲದ ಟ್ರಯಲ್ಸ್ ಸವಾರರಲ್ಲಿ ಒಂದು ಗಟ್ಟಿ ನಂಬಿಕೆ ಇತ್ತಂತೆ. ಹಿಂದಿನ ಚಕ್ರಕ್ಕೆ ಸಸ್ಪೆನ್ಷನ್ ಇರಬಾರದು, ಫ್ರೇಮಿಗೆ ಬಿಗಿಯಾಗಿ ಕೂತಿದ್ದರೇ ಚಕ್ರಕ್ಕೆ ನೆಲದ ಹಿಡಿತ ಚೆನ್ನಾಗಿ ಸಿಗುತ್ತದೆ ಎಂದು. ರಾಯಲ್ ಎನ್‌ಫೀಲ್ಡ್ 1948ರ ಆರಂಭದಲ್ಲಿ ಹಿಂದೆಯೂ ಸ್ವಿಂಗ್ ಆರ್ಮ್ ಇರುವ ಹೊಸ ಬುಲೆಟ್ಟನ್ನು ಕೋಲ್‌ಮೋರ್ ಕಪ್ ಎಂಬ ಟ್ರಯಲ್ಲಿಗೆ ಇಳಿಸಿತು. ಅದೇ ವರ್ಷ ಇಟಲಿಯ ಸಾನ್ ರೆಮೊದಲ್ಲಿ ನಡೆದ ಅಂತಾರಾಷ್ಟ್ರೀಯ ಆರು ದಿನಗಳ ಸ್ಪರ್ಧೆಯಲ್ಲಿ ಬುಲೆಟ್ ಸವಾರರಿಗೆ ಚಿನ್ನದ ಪದಕ ಬಂತು. ಆಮೇಲೆ ಆ ಹಳೆಯ ನಂಬಿಕೆ ಬಹಳ ಕಾಲ ಉಳಿಯಲಿಲ್ಲ. ಇಂದು ನಮ್ಮ ರಸ್ತೆಯಲ್ಲಿ ಹೊಂಡಕ್ಕೆ ಬಿದ್ದರೂ ಬುಲೆಟ್ ಸವಾರನ ಬೆನ್ನು ಉಳಿಯುವುದಕ್ಕೆ ಆ ಕೆಸರಿನ ಪರೀಕ್ಷೆಯೂ ಒಂದು ಕಾರಣ ಎನ್ನಬಹುದು.

ನಮ್ಮ ಬುಲೆಟ್ಟಿಗೂ ಟ್ರಯಲ್ಸ್ ಬುಲೆಟ್ಟಿಗೂ ವ್ಯತ್ಯಾಸ ಏನು ಎಂದು ಮಾಮುವನ್ನು ಕೇಳಿದೆ. ಅವರು ಚಿತ್ರದ ಮೇಲೆ ಬೆರಳಿಟ್ಟು ತೋರಿಸಿದರು. ತೊರೆ ದಾಟುವಾಗ ನೀರು ಹೋಗದಂತೆ, ಬಂಡೆಗೆ ತಾಗದಂತೆ ಸೈಲೆನ್ಸರ್ ಮೇಲಕ್ಕೆ ಏರಿಸಿದೆ. ಟ್ಯಾಂಕು ಚಿಕ್ಕದು. ಒಬ್ಬರೇ ಕೂರುವ ಸೀಟು. ಮುಂದಿನ ಚಕ್ರ 21 ಇಂಚು, ಟೈರು ಸಣ್ಣ. ಹಿಂದಿನದು 19 ಇಂಚು, ಟೈರು ದಪ್ಪ. ಗೇರುಗಳನ್ನು ಬಹಳ ಕೆಳಕ್ಕೆ ಇಳಿಸಿದ್ದಾರೆ. ಎಂಜಿನ್ ಮಾತ್ರ ಮೂಲದಲ್ಲಿ ಅದೇ. ಸಿಲಿಂಡರಿನ ಅಗಲ 70 ಮಿಲಿಮೀಟರ್, ಪಿಸ್ಟನ್ ಓಡಾಡುವ ಉದ್ದ 90 ಮಿಲಿಮೀಟರ್, ಒಟ್ಟು 346 ಸಿಸಿ. ಅಗಲಕ್ಕಿಂತ ಉದ್ದ ಹೆಚ್ಚು, ಜೊತೆಗೆ ಭಾರವಾದ ಫ್ಲೈವೀಲ್. ಹಾಗಾಗಿ ಎಂಜಿನ್ ನಿಧಾನವಾಗಿ ತಿರುಗುವಾಗಲೂ ಬಂದ್ ಆಗದೆ ಎಳೆಯುತ್ತದೆ. ನಾನಾ ಅವರ ಬುಲೆಟ್ ಎಸ್ಟೇಟಿನ ಕೆಸರಿನಲ್ಲಿ ಡಗ್ ಡಗ್ ಎನ್ನುತ್ತ ಏರುತ್ತಿದ್ದುದಕ್ಕೂ, ಜಾನಿ ಬ್ರಿಟನ್ನನ ಬುಲೆಟ್ ಸ್ಕಾಟ್ಲೆಂಡಿನ ಬಂಡೆಯ ಮೇಲೆ ಏರುತ್ತಿದ್ದುದಕ್ಕೂ ಕಾರಣ ಒಂದೇ.

ಕೆಲಸ ಶುರುವಾಯಿತು. ಹನ್ನೊಂದು ವರ್ಷ ನಿಂತ ಗಾಡಿಯ ಬೋಲ್ಟುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಎರಡು ದಿನ ಡೀಸೆಲ್ ಹಾಕಿ ನೆನೆಸಿಟ್ಟು ಬಿಚ್ಚಿದರು. ಸಿಲಿಂಡರನ್ನು ಲೇತಿಗೆ ಕಳಿಸಿ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿದರು. ವಾಲ್ವುಗಳನ್ನು ಪೇಸ್ಟ್ ಹಚ್ಚಿ ಕೈಯಲ್ಲೇ ತಿಕ್ಕಿ ಕೂರಿಸಿದರು. ಚಕ್ರಗಳಿಗೆ ಹೊಸ ರಿಮ್ಮು, ಹೊಸ ಸ್ಪೋಕು ಕಟ್ಟಿ, ಅಲುಗಾಡದಂತೆ ಒಂದೊಂದೇ ಸ್ಪೋಕು ಬಿಗಿಮಾಡಿ ಸರಿಮಾಡಿದರು. ನಾನು ಪ್ರತಿಯೊಂದು ರಸೀದಿಯನ್ನೂ ಫೈಲಿನಲ್ಲಿ ಇಟ್ಟೆ. ಖರ್ಚು ಒಟ್ಟು 64,350 ರೂಪಾಯಿ ಆಯಿತು. ಮಾಮುವಿನ ಕೂಲಿಯನ್ನು ಸೇರಿಸಲು ಹೊರಟಾಗ ಅವರು ಪೆನ್ನು ಕಿತ್ತುಕೊಂಡರು. “ಅಬ್ಬಾನ ಗಾಡಿಗೆ ಕೂಲಿ ಏನು ಬೇಟಾ?” ಎಂದರು. ಕೂಲಿಯೂ ವೆಚ್ಚವೇ ಎಂದು ನಾನು ವಾದಿಸಿದೆ. ಅಕೌಂಟೆನ್ಸಿ ಪುಸ್ತಕ ನನ್ನ ಕಡೆ ಇತ್ತು, ಆದರೆ ಮಾಮು ಒಪ್ಪಲಿಲ್ಲ.

ಟೂಲ್ ಬಾಕ್ಸ್ ತೆರೆದಾಗ ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಒಂದು ಚಿಕ್ಕ ನೋಟ್‌ಬುಕ್ ಸಿಕ್ಕಿತು. ಒಳಗೆ ನಾನಾ ಅವರ ಉರ್ದು ಅಕ್ಷರ. ಆಯಿಲ್ ಬದಲಾಯಿಸಿದ ತಾರೀಖು, ಕೊಂಡ ಭಾಗ, ಕೊಟ್ಟ ಹಣ ಎಲ್ಲ ಸಾಲಾಗಿ ಬರೆದಿದ್ದರು. 1974ರಲ್ಲಿ ಮೊದಲ ಸಲ ಬೋರ್ ಮಾಡಿಸಿದ್ದು. 1983ರಲ್ಲಿ ಕ್ಲಚ್ ಪ್ಲೇಟು. 1991ರಲ್ಲಿ ಹಿಂದಿನ ಮಡ್‌ಗಾರ್ಡು, ಅದೂ ಬೇರೊಂದು ಹಳೆಯ ಗಾಡಿಯದು. ರೈಟರ್ ಕೆಲಸ ಮಾಡಿದವರ ಲೆಕ್ಕ, ಒಂದು ಪೈಸೆಯೂ ಬಿಟ್ಟಿಲ್ಲ.

ಅದನ್ನು ಓದುತ್ತಾ ನನಗೆ ಒಂದು ಪ್ರಶ್ನೆ ಬಂತು. ಹಳೆಯ ಗಾಡಿಯನ್ನು ‘ಮೊದಲಿನಂತೆ’ ಮಾಡುವುದು ಎನ್ನುತ್ತೇವಲ್ಲ, ಯಾವ ಮೊದಲು? 1968ರ ಮೊದಲೋ, 1974ರದೋ, 1991ರದೋ?

ಬ್ರಿಟನ್ನಿನ ಸ್ಪರ್ಧೆಯ ಗಾಡಿಗಳಲ್ಲೂ ಇದೇ ತೊಡಕು ಇದೆ ಎಂದು ಓದಿದಾಗ ನನಗೆ ಸಮಾಧಾನವಾಯಿತು. ಸ್ಯಾಮಿ ಮಿಲ್ಲರ್ ಎಂಬ ಬೆಲ್‌ಫಾಸ್ಟ್ ಮೂಲದ ಸವಾರ ಒಬ್ಬರಿದ್ದಾರೆ. 1959ರಿಂದ 1969ರವರೆಗೆ ಸತತ 11 ಸಲ ಬ್ರಿಟಿಷ್ ಟ್ರಯಲ್ಸ್ ಚಾಂಪಿಯನ್ ಆದವರು. ಅವರ 500 ಸಿಸಿಯ ಏರಿಯಲ್ ಗಾಡಿಯ ನಂಬರು ‘ಜಿಒವಿ 132’. ಅದು ಟ್ರಯಲ್ಸ್ ಲೋಕದಲ್ಲೇ ಅತಿ ಪ್ರಸಿದ್ಧವಾದ ನಂಬರು ಎನ್ನುತ್ತಾರೆ. ಮಿಲ್ಲರ್ ಆ ಗಾಡಿಯನ್ನು ಕಾರ್ಖಾನೆಯಿಂದ ಬಂದಂತೆ ಬಿಡಲೇ ಇಲ್ಲ. ವರ್ಷದಿಂದ ವರ್ಷಕ್ಕೆ ಫ್ರೇಮು ತಿದ್ದಿದರು, ಉಕ್ಕಿನ ಜಾಗದಲ್ಲಿ ಅಲ್ಯೂಮಿನಿಯಂ, ಫೈಬರ್ ಗ್ಲಾಸ್ ತಂದರು, ಹತ್ತಾರು ಕಿಲೋ ತೂಕ ಇಳಿಸಿದರು. ಅದರ ಮೇಲೆ 1962 ಮತ್ತು 1964ರಲ್ಲಿ ಸ್ಕಾಟ್ಲೆಂಡಿನ ಆರು ದಿನಗಳನ್ನು ಗೆದ್ದರು. ಆ ಗಾಡಿ ಇಂದು ಇಂಗ್ಲೆಂಡಿನ ನ್ಯೂ ಮಿಲ್ಟನ್‌ನಲ್ಲಿರುವ ಅವರದೇ ಮ್ಯೂಸಿಯಮ್ಮಿನಲ್ಲಿದೆ. ಅದನ್ನು ಕಾರ್ಖಾನೆಯ ಸ್ಥಿತಿಗೆ ತಂದುಬಿಟ್ಟರೆ ಅದು ಜಿಒವಿ 132 ಆಗಿ ಉಳಿಯುವುದಿಲ್ಲ. ಮಾರ್ಪಾಟುಗಳೇ ಅದರ ಚರಿತ್ರೆ.

ಮಿಲ್ಲರ್ ಕತೆಯಲ್ಲಿ ವಾಣಿಜ್ಯದವರಿಗೆ ಇನ್ನೊಂದು ಪಾಠವೂ ಇದೆ. 1964ರ ಕೊನೆಗೆ ಅವರು ಬ್ರಿಟಿಷ್ ಗಾಡಿ ಬಿಟ್ಟು ಸ್ಪೇನಿನ ಬುಲ್ಟಾಕೊ ಕಂಪನಿಗೆ ಹೋದರು. ಅಲ್ಲಿ 250 ಸಿಸಿಯ ಹಗುರವಾದ ಟೂ-ಸ್ಟ್ರೋಕ್ ಗಾಡಿಯೊಂದನ್ನು ಟ್ರಯಲ್ಸಿಗೆ ಹೊಂದಿಸಿದರು. ಶೆರ್ಪಾ ಎಂದು ಅದರ ಹೆಸರು. 1965ರಲ್ಲಿ ಅದರ ಮೇಲೆಯೇ ಸ್ಕಾಟ್ಲೆಂಡಿನಲ್ಲಿ ಗೆದ್ದರು. ಬ್ರಿಟನ್ನಿನ ದೊಡ್ಡ ಫೋರ್-ಸ್ಟ್ರೋಕ್ ಗಾಡಿಗಳ ಕಾಲ ಅಲ್ಲಿಗೆ ಮುಗಿಯಿತು. ಆ ಗಾಡಿಗಳು ಕೆಟ್ಟಿರಲಿಲ್ಲ, ಓಡುತ್ತಲೇ ಇದ್ದವು. ಆದರೂ ಬೆಲೆ ಬಿತ್ತು. ಸವಕಳಿ ಎಂದರೆ ಬರೀ ಸವೆಯುವುದಲ್ಲ, ಹೊಸದು ಬಂದಾಗ ಹಳೆಯದು ಬಳಕೆ ತಪ್ಪುವುದೂ ಸವಕಳಿಗೆ ಒಂದು ಕಾರಣ ಎಂದು ನಮ್ಮ ಪುಸ್ತಕದಲ್ಲಿ ಒಂದು ಸಾಲಿದೆ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಆ ಸಾಲು ನನಗೆ ಅರ್ಥವಾದದ್ದು ಆಗ. ಪುಸ್ತಕದಲ್ಲಿ ಇಲ್ಲದ್ದು ಮುಂದಿನ ಮಾತು. ಬೆಲೆ ಬಿದ್ದು ಮೂಲೆ ಸೇರಿದ ಅದೇ ಗಾಡಿಗಳನ್ನು ಜನ ಇಂದು ಹುಡುಕಿ ಹುಡುಕಿ ಕೊಂಡು, ದುರಸ್ತಿ ಮಾಡಿಸಿ, ಹೊಸ ಗಾಡಿಗಿಂತ ಹೆಚ್ಚು ಜೋಪಾನ ಮಾಡುತ್ತಾರೆ.

ಗಾಡಿ ಮುಗಿಯುವ ಹಂತಕ್ಕೆ ಬಂದಾಗ ಬೆಂಗಳೂರಿನವರು ಫೋನು ಮಾಡಿದರು. ಮೊದಲು ಮಾತಾಗಿದ್ದ ಬೆಲೆ 1,60,000. ಈಗ ಅವರು ಇನ್ನೂ 25,000 ಕೊಡಲು ತಯಾರಿದ್ದರು. ಒಂದೇ ಷರತ್ತು. ಬಿಲ್ಲಿನಲ್ಲಿ ‘ಇಂಗ್ಲೆಂಡಿನ ಅಸಲಿ ಟ್ರಯಲ್ಸ್ ಭಾಗಗಳು’ ಎಂದು ಬರೆದುಕೊಡಬೇಕು.

ನಾನು ಲೆಕ್ಕ ಹಾಕಿದೆ. 1,60,000ರಲ್ಲಿ ಖರ್ಚು ಕಳೆದರೆ 95,650. ಆಪಾನ ಫೀಸಿಗೆ 14,350 ಕಡಿಮೆ. 1,85,000 ಬಂದರೆ ಖರ್ಚು ಕಳೆದು 1,20,650. ಫೀಸು ಕಟ್ಟಿ ಕೈಯಲ್ಲಿ 10,650 ಮಿಗುತ್ತದೆ. ಬಿಲ್ಲಿನಲ್ಲಿ ಒಂದು ಸಾಲು, ಅಷ್ಟೇ ವ್ಯತ್ಯಾಸ.

ಅಂದು ರಾತ್ರಿ ಮನೆಯಲ್ಲಿ ಊಟದ ದಸ್ತರ್‌ಖಾನ್ ಸುತ್ತ ಇದೇ ಮಾತು. ಅಮ್ಮಿ ಹೇಳಿದ್ದು ತೆಗೆದುಹಾಕುವಂಥ ಮಾತಾಗಿರಲಿಲ್ಲ. “ಕೇಳುತ್ತಿರುವವರು ಕೊಳ್ಳುವವರೇ. ಅವರಿಗೆ ಎಲ್ಲ ಗೊತ್ತಿದೆ. ನಾವು ಯಾರಿಗೆ ಮೋಸ ಮಾಡಿದಂತಾಯಿತು? ಆ ಕಡೆ ಮಗಳ ಸೀಟು ಹೋದರೆ ಯಾರು ಕೊಡುತ್ತಾರೆ?” ಎಂದರು. ಅಬ್ಬಾ ಏನೂ ಹೇಳಲಿಲ್ಲ. ಆಪಾ ತಲೆ ತಗ್ಗಿಸಿ ಕೂತಿದ್ದಳು. ಮಾಮು ನನ್ನ ಕಡೆ ತಿರುಗಿ, “ಬಿಲ್ ಬರೆಯುವವಳು ನೀನು. ನೀನು ಹೇಳು,” ಎಂದರು.

ಹದಿನೇಳು ವರ್ಷದವಳಿಗೆ ಅದು ಕಷ್ಟದ ಪ್ರಶ್ನೆ. ನನಗೆ ಗೊತ್ತಿದ್ದದ್ದನ್ನೇ ಹೇಳಿದೆ. ನಮ್ಮ ಅಕೌಂಟೆನ್ಸಿ ಮೇಡಂ ಪೂರ್ಣ ಪ್ರಕಟಣೆಯ ತತ್ವ ಪಾಠ ಮಾಡುವಾಗ, ಲೆಕ್ಕವನ್ನು ಬರೆಯುವುದು ಎದುರಿಗೆ ಕೂತವರಿಗಾಗಿ ಅಲ್ಲ, ಅಲ್ಲಿ ಇಲ್ಲದವರಿಗಾಗಿ ಎಂದಿದ್ದರು. ಈ ಗಿರಾಕಿಗೆ ನಿಜ ಗೊತ್ತಿದೆ, ಸರಿ. ಆದರೆ ಬಿಲ್ಲನ್ನು ಅವರು ಕೇಳುತ್ತಿರುವುದೇ ನಾಳೆ ಇನ್ನೊಬ್ಬರಿಗೆ ತೋರಿಸಲು. ಆ ಇನ್ನೊಬ್ಬರು ನಮ್ಮ ಮುಂದೆ ಇಲ್ಲ. ಮೋಸ ಅವರಿಗೆ. ಕೆಳಗೆ ಸಹಿ ಮಾತ್ರ ಮಾಮುವಿನದು.

ಇನ್ನೊಂದು ಸಂಗತಿಯನ್ನೂ ಹೇಳಿದೆ. 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾಯಿತು. ರೆಡಿಚ್ ಕಾರ್ಖಾನೆ 1967ರಲ್ಲಿ ಮುಚ್ಚಿತು, 1970ರ ಹೊತ್ತಿಗೆ ಬ್ರಿಟನ್ನಿನಲ್ಲಿ ರಾಯಲ್ ಎನ್‌ಫೀಲ್ಡ್ ತಯಾರಿಕೆಯೇ ನಿಂತಿತು. ಮದರಾಸಿನಲ್ಲಿ ಮಾತ್ರ ಬುಲೆಟ್ ನಿಲ್ಲಲಿಲ್ಲ. 1977ರಲ್ಲಿ ಇಲ್ಲಿಂದ ಬ್ರಿಟನ್ನಿಗೇ ಬುಲೆಟ್ ರಫ್ತು ಶುರುವಾಯಿತು. ಆದ್ದರಿಂದ ಬ್ರಿಟನ್ನಿನಲ್ಲಿ ಹಳೆಯ ಬುಲೆಟ್ ದುರಸ್ತಿ ಮಾಡುವ ಅನೇಕರು ಭಾರತದಲ್ಲಿ ತಯಾರಾದ ಭಾಗಗಳನ್ನೇ ಹಾಕುತ್ತಾರೆ. ಅಲ್ಲಿಯ ಅಸಲಿ ಗಾಡಿಯೊಳಗೆ ನಮ್ಮ ಊರಿನ ಪಿಸ್ಟನ್ ಇರಬಹುದು. ಹೀಗಿರುವಾಗ ಇಲ್ಲಿಯ ಒಳ್ಳೆಯ ಭಾಗಕ್ಕೆ ಇಂಗ್ಲೆಂಡಿನ ಸುಳ್ಳು ಹೆಸರು ಯಾಕೆ ಬೇಕು?

ಇದನ್ನು ಕೇಳಿ ಮಾಮು ನಕ್ಕರು. ನಾನಿ ಅದುವರೆಗೆ ಸುಮ್ಮನಿದ್ದವರು, “ಗಾಡಿ ಉನ್‌ಕೀಚ್, ನಾಮ್ ಬೀ ಉನ್‌ಕಾಚ್ ರಹನಾ,” ಎಂದರು. ಗಾಡಿ ಅವರದೇ, ಹೆಸರೂ ಅವರದೇ ಇರಬೇಕು ಎಂದು ಅರ್ಥ. ಆಮೇಲೆ ಅಮ್ಮಿಯ ಕಡೆ ನೋಡಿ, “ಝೂಟಾ ಬಿಲ್ ನಕ್ಕೊ ಬೇಟಿ,” ಎಂದರು. ಅಮ್ಮಿ ಮಾತಾಡದೆ ಎದ್ದು ಪಾತ್ರೆ ತೆಗೆದರು. ಅವರಿಗೆ ಸಮಾಧಾನವಾಗಿರಲಿಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಕಡಿಮೆಯಾದ ಹಣವನ್ನು ಹೊಂದಿಸಬೇಕಾದವರು ಅವರೇ ತಾನೆ?

ಮರುದಿನ ನಾನು ಬಿಲ್ ಬರೆದೆ. ಒಂದೇ ಸಾಲಿನ ಬಿಲ್ಲಲ್ಲ, ಮೂರು ಪುಟದ ಪಟ್ಟಿ. ಮೂರು ಕಾಲಮ್ಮು ಹಾಕಿದೆ. ಮೊದಲನೆಯದರಲ್ಲಿ 1968ರಿಂದ ಗಾಡಿಯಲ್ಲೇ ಇರುವ ಭಾಗಗಳು: ಕ್ರ್ಯಾಂಕ್‌ಕೇಸು, ಗೇರ್‌ಬಾಕ್ಸು, ಫ್ರೇಮು. ಎರಡನೆಯದರಲ್ಲಿ ನಾನಾ ಅವರ ಕಾಲದಲ್ಲಿ ಬದಲಾದವು, ನೋಟ್‌ಬುಕ್ಕಿನ ತಾರೀಖಿನ ಸಮೇತ. ಮೂರನೆಯದರಲ್ಲಿ ಈಗ ಮಾಮು ಹಾಕಿದವು: ಪಿಸ್ಟನ್ನು, ರಿಮ್ಮು, ಟೈರು, ಮೇಲಕ್ಕೆ ಏರಿಸಿದ ಸೈಲೆನ್ಸರು, ಒಂಟಿ ಸೀಟು. ಕೆಳಗೆ ಒಂದು ಟಿಪ್ಪಣಿ ಸೇರಿಸಿದೆ. ಇದು ಮದರಾಸಿನಲ್ಲಿ ತಯಾರಾದ ರಸ್ತೆಯ ಬುಲೆಟ್. 1950ರ ದಶಕದ ಬ್ರಿಟಿಷ್ ಟ್ರಯಲ್ಸ್ ಗಾಡಿಯ ರೂಪವನ್ನು ಈ ವರ್ಷ ಕೊಡಲಾಗಿದೆ. ಎಚ್‌ಎನ್‌ಪಿ 331 ಎಂಬುದು ಅಲಂಕಾರಕ್ಕೆ ಬರೆದ ಬೇರೆ ಬೋರ್ಡು, ಗಾಡಿಯ ನೋಂದಣಿ ನಂಬರಲ್ಲ. ಗಾಡಿಯ ಮುಂದೆಯೂ ಹಿಂದೆಯೂ ಎಂವೈ ನಂಬರೇ ಉಳಿಯಿತು. ಹಳೆಯ ಟ್ಯಾಂಕನ್ನು ಬಣ್ಣ ಹೊಡೆಯದೆ ಬೇರೆಯಾಗಿ ಕಟ್ಟಿಕೊಟ್ಟೆವು.

ಹಳೆಯ ಗಾಡಿಯ ವಿಷಯದಲ್ಲಿ ಜನ ಮೂರು ಬೇರೆ ಬೇರೆ ಕೆಲಸಗಳನ್ನು ಒಂದೇ ಹೆಸರಿನಿಂದ ಕರೆಯುತ್ತಾರೆ ಎಂದು ಆ ಪಟ್ಟಿ ಬರೆಯುವಾಗ ತಿಳಿಯಿತು. ಇದ್ದದ್ದನ್ನು ಇದ್ದಂತೆ ಕಾಪಾಡುವುದು ಒಂದು. ಕೆಟ್ಟದ್ದನ್ನು ಸರಿಪಡಿಸಿ ಓಡುವಂತೆ ಮಾಡುವುದು ಇನ್ನೊಂದು. ಬೇರೊಂದರಂತೆ ಕಾಣುವ ಹಾಗೆ ಮಾಡುವುದು ಮೂರನೆಯದು. ಮೂರರಲ್ಲಿ ಯಾವುದೂ ತಪ್ಪಲ್ಲ. ರಾಯಲ್ ಎನ್‌ಫೀಲ್ಡ್ ಕಂಪನಿಯೇ 2019ರಲ್ಲಿ ಆ ಹಳೆಯ ಗೆಲುವುಗಳ ನೆನಪಿಗೆ ಬುಲೆಟ್ ಟ್ರಯಲ್ಸ್ ಎಂಬ ಮಾಡಲ್ ತಂದಿತ್ತು. ಅದನ್ನು ಹೊಸ ಗಾಡಿ ಎಂದೇ ಮಾರಿತು. ಮೂರನೆಯದನ್ನು ಮಾಡಿ ಮೊದಲನೆಯದರ ಹೆಸರು ಹೇಳಿದರೆ ಮಾತ್ರ ತೊಂದರೆ.

ಬೆಂಗಳೂರಿನವರು ಪಟ್ಟಿ ಓದಿ ಮುಖ ಸಣ್ಣದು ಮಾಡಿದರು. ಇದು ಯಾರಿಗೆ ಬೇಕಿತ್ತು ಎಂದರು. ಹೆಚ್ಚಿನ 25,000 ಹೋಗಲಿ, ಒಪ್ಪಿದ ಬೆಲೆಯಲ್ಲೂ 5,000 ಇಳಿಸಿದರು. ಮಾಮು ಹೆಚ್ಚು ಮಾತಾಡದೆ ಕಿಕ್ ಹೊಡೆದರು. ಎರಡನೆಯ ಕಿಕ್ಕಿಗೆ ಗಾಡಿ ಶುರುವಾಯಿತು. ಗ್ಯಾರೇಜಿನ ಹಿಂದೆ ಕಲ್ಲು ತುಂಬಿದ ಒಂದು ಏರಿದೆ. ಗಿರಾಕಿಯನ್ನು ನಿಲ್ಲಿಸಿ ಮಾಮು ಅದರ ಮೇಲೆ ಮೊದಲ ಗೇರಿನಲ್ಲಿ ಮೆಲ್ಲಗೆ ಹತ್ತಿಸಿ ತೋರಿಸಿದರು. ನಾನು ವೀಕ್ಷಕಳಂತೆ ನಿಂತು ಎಣಿಸಿದೆ. ಮಾಮು ಎರಡು ಸಲ ಕಾಲು ಊರಿದರು. ಸ್ಕಾಟ್ಲೆಂಡಿಗೆ ಹೋಗಲು ಇನ್ನೂ ಅಭ್ಯಾಸ ಬೇಕು. ಗಿರಾಕಿ 1,55,000 ಎಣಿಸಿಕೊಟ್ಟರು. ನಾನಾ ಅವರ ನೋಟ್‌ಬುಕ್ಕೂ ಬೇಕು ಎಂದರು. ನಾನಿ ಕೊಡಲಿಲ್ಲ. ನಾನು ಅದನ್ನು ಉರ್ದುವಿನಿಂದ ಕನ್ನಡಕ್ಕೆ ಇಳಿಸಿ ಬರೆದಿಟ್ಟಿದ್ದೆ. ಆ ಪ್ರತಿಯನ್ನು ಕೊಟ್ಟೆವು.

ಖರ್ಚು ಕಳೆದು ಕೈಗೆ ಬಂದದ್ದು 90,650. ಫೀಸಿಗೆ 19,350 ಕಡಿಮೆ. ಅಮ್ಮಿ ತಮ್ಮ ಚೀಟಿಯನ್ನು ಅವಧಿಗೆ ಮೊದಲೇ ಕೂಗಿ ಎತ್ತಿಕೊಂಡರು. ಅದರಲ್ಲಿ ಅವರಿಗೆ ಆದ ನಷ್ಟವನ್ನೂ ನಾನು ಗಾಡಿಯ ಲೆಕ್ಕದಲ್ಲೇ ಬರೆದಿದ್ದೇನೆ, ಏಕೆಂದರೆ ಅದೂ ಆ ಬಿಲ್ಲಿನ ಬೆಲೆಯೇ. ನಿಜ ಹೇಳುವುದಕ್ಕೆ ಖರ್ಚೇ ಇಲ್ಲ ಎಂದು ಯಾರಾದರೂ ಭಾಷಣದಲ್ಲಿ ಹೇಳಿದರೆ ನಾನು ಇನ್ನು ಮುಂದೆ ನಂಬುವುದಿಲ್ಲ. ಖರ್ಚಿದೆ, ಮತ್ತು ಅದನ್ನು ಕೆಲವೊಮ್ಮೆ ನಮ್ಮ ತಾಯಂದಿರು ತುಂಬುತ್ತಾರೆ.

ಆಪಾ ಈಗ ಹಾಸ್ಟೆಲ್ಲಿನಲ್ಲಿದ್ದಾಳೆ. ಎರಡನೆಯ ವರ್ಷದ ಫೀಸಿಗೆ ಮಾರಲು ನಮ್ಮಲ್ಲಿ ಇನ್ನೊಂದು ಬುಲೆಟ್ ಇಲ್ಲ. ಅವಳು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದಾಳೆ, ನಾನು ಗ್ಯಾರೇಜಿನ ಲೆಕ್ಕದ ಜೊತೆಗೆ ಪಕ್ಕದ ಲೇತ್ ಅಂಗಡಿಯ ಲೆಕ್ಕವನ್ನೂ ಬರೆಯಲು ಶುರುಮಾಡಿದ್ದೇನೆ. ಹೋದ ತಿಂಗಳು ತೋಟದ ಮಾಲೀಕರೊಬ್ಬರು ತಮ್ಮ ಹಳೆಯ ಬುಲೆಟ್ ದುರಸ್ತಿಗೆ ಬಿಟ್ಟು ಹೋಗುವಾಗ, “ಕೆಲಸ ಮುಗಿದ ಮೇಲೆ ಆ ಮೂರು ಕಾಲಮ್ಮಿನ ಪಟ್ಟಿ ನನಗೂ ಬೇಕು,” ಎಂದು ಮಾಮುವಿಗೆ ಹೇಳಿದರಂತೆ. ಅದಕ್ಕೆ ಎಷ್ಟು ಚಾರ್ಜ್ ಮಾಡಬೇಕು ಎಂದು ಮಾಮು ನನ್ನನ್ನು ಕೇಳಿದರು. ಈ ಸಲ ಕೂಲಿಯನ್ನು ಲೆಕ್ಕಕ್ಕೆ ಸೇರಿಸಿದ್ದೇನೆ. ಮಾಮು ಪೆನ್ನು ಕಿತ್ತುಕೊಂಡಿಲ್ಲ.